ಬೆಳೆ ರಕ್ಷಣೆಗೆ ಯಾವ ಕೋವಿ? ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಹಂದಿಯ ಹಿಂಡು ಒಂದು ರಾತ್ರಿ ಒಳನುಗ್ಗಿದರೆ ಬಾಳೆಯ ಕಂದು, ಎಳೆಯ ಅಡಿಕೆ ಸಸಿ, ಗದ್ದೆಯ ಭತ್ತ ಯಾವುದೂ ಉಳಿಯುವುದಿಲ್ಲ. ಕಾಡಿಗೆ ತಾಗಿಯೇ ತೋಟವಿರುವ ಹಿಲ್ಲೂರು ಸೀಮೆಯ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದುದರಿಂದಲೇ ಕೋವಿಯ ಮಾತು ಮತ್ತೆ ಮತ್ತೆ ಬರುತ್ತದೆ. ಸಣ್ಣ ಹಿಡುವಳಿದಾರನು ಕಷ್ಟದ ದುಡ್ಡು ಹಾಕಿ ಕೊಳ್ಳುವ ವಸ್ತುವಾದ್ದರಿಂದ, ಯಾವುದು ಸಿಕ್ಕೀತು, ಯಾವುದು ಉಪಯೋಗಕ್ಕೆ ಬಂದೀತು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ರೈಫಲ್ಲು ಏಕೆ ಬೇಡ?

ಒಂದು ಗುಂಡು ಹಾರಿದೊಡನೆ ಮುಂದಿನ ತೋಟೆ ತಾನಾಗಿ ಏರುವ ಸೆಮಿ ಆಟೋಮ್ಯಾಟಿಕ್ ರೈಫಲ್ಲು ಅಗ್ಗದಲ್ಲಿ ಸಿಗುವುದೇ ಎಂದು ತರುಣ ಬೆಳೆಗಾರರು ವಿಚಾರಿಸುವುದುಂಟು. ಬೆಳೆ ರಕ್ಷಣೆಯ ಪರವಾನಗಿಗೆ ಅದು ಸಿಗುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅದನ್ನು ನಿರ್ಬಂಧಿತ ವರ್ಗದಲ್ಲಿ ಇಟ್ಟಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮಿನಲ್ಲಿ ಬೆಳೆ ರಕ್ಷಣೆಗೆಂದು ಹೇಳಿರುವುದು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ಅದು ಸಾಲದೆಂದು ಪರವಾನಗಿ ಕೊಡುವ ಅಧಿಕಾರಿಗೆ ಮನವರಿಕೆಯಾದರೆ, 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ತೋಟೆ ಕೋವಿಗೆ ಅನುಮತಿ ಕೊಡಬಹುದು. ಆದ್ದರಿಂದ ಅರ್ಜಿಯಲ್ಲಿ ಕಾರಣವನ್ನು ಸ್ಪಷ್ಟವಾಗಿ ಬರೆಯಿರಿ. ಮಳೆಗಾಲದಲ್ಲಿ ಮದ್ದು ತೇವವಾಗುತ್ತದೆ, ಒಂದು ಈಡಿನ ನಂತರ ಮತ್ತೆ ತುಂಬಲು ಹೊತ್ತು ಹಿಡಿಯುತ್ತದೆ ಎಂಬುವು ಸಾಕಷ್ಟು ಗಟ್ಟಿಯಾದ ಕಾರಣಗಳು.

ಕಾನೂನನ್ನು ಬದಿಗಿಟ್ಟು ನೋಡಿದರೂ ರೈಫಲ್ಲು ನಮ್ಮ ತೋಟಗಳಿಗೆ ಹೊಂದುವುದಿಲ್ಲ. ಸಣ್ಣದೆನ್ನುವ .22 ರೈಫಲ್ಲಿನ ಗುಂಡು ಸಹ ಒಂದೂವರೆ ಕಿಲೋಮೀಟರಿನಷ್ಟು ದೂರ ಹೋಗಬಲ್ಲದು. ಒಬ್ಬರ ತೋಟದ ಬೇಲಿಯ ಆಚೆ ಇನ್ನೊಬ್ಬರ ಮನೆಯಿರುವಲ್ಲಿ ಇದು ಸಣ್ಣ ಮಾತಲ್ಲ. 12 ಬೋರಿನ ಸಣ್ಣ ಚರೆ 200–250 ಮೀಟರಿನಲ್ಲಿ ಬಲಗುಂದುತ್ತದೆ. ದೊಡ್ಡ ಚರೆ ಮಾತ್ರ ಅದಕ್ಕಿಂತ ಬಹಳ ದೂರ ಅಪಾಯಕಾರಿ.

ಕೊಡಗಿನಲ್ಲಿ ಪರವಾನಗಿಯೇ ಬೇಡವಂತೆ ಎಂಬ ಮಾತೂ ಕೇಳಿಬರುತ್ತದೆ. ಅದು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಯಿತು. ನಮ್ಮ ಜಿಲ್ಲೆಗೆ ಅದು ಅನ್ವಯಿಸದು. ನಾವು ಕಾರವಾರದ ಜಿಲ್ಲಾಧಿಕಾರಿಗಳಿಗೇ ಅರ್ಜಿ ಕೊಡಬೇಕು.

ಕೈಯಲ್ಲಿರುವ ಹಣಕ್ಕೆ ತಕ್ಕುದು

ಎಲ್ಲಕ್ಕಿಂತ ಅಗ್ಗ ಕೇಪಿನ ಕೋವಿ. ಅದರ ಮೇಲೆ 12 ಬೋರಿನ ಒಂಟಿ ನಳಿಗೆ, ಆಮೇಲೆ ಜೋಡು ನಳಿಗೆ. ಹಂದಿಯನ್ನು ಬೆದರಿಸಿ ಓಡಿಸುವುದೇ ಮುಖ್ಯ ಕೆಲಸವಾದಲ್ಲಿ ಒಂಟಿ ನಳಿಗೆ ಧಾರಾಳ ಸಾಕು. ಸವೆದ ಜೋಡು ನಳಿಗೆಗಿಂತ ಗಟ್ಟಿಯಾದ ಒಂಟಿ ನಳಿಗೆ ಮೇಲು ಎಂಬುದು ನಮ್ಮ ಅಭಿಪ್ರಾಯ. ಕೋವಿಯ ಬೆಲೆಯೊಂದನ್ನೇ ನೋಡದೆ ತೋಟೆ, ಬೀಗದ ಪೆಟ್ಟಿಗೆ, ಪರವಾನಗಿ ಶುಲ್ಕ, ಕಾರವಾರದ ಓಡಾಟ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಳೆಯ ಕೋವಿ ಕೊಳ್ಳುವುದಾದರೆ ಈ ಕೆಳಗಿನವನ್ನು ತಪ್ಪದೆ ಪರೀಕ್ಷಿಸಿ:

1. ಮೊದಲು ಬಿಚ್ಚಿ, ಒಳಗೆ ತೋಟೆ ಇಲ್ಲವೆಂದು ಕಣ್ಣಾರೆ ನೋಡಿ.

2. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಬಳೆಯಂಥ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ ಎಂದರ್ಥ. ಅಂಥದ್ದನ್ನು ಎಷ್ಟು ಅಗ್ಗವಾದರೂ ಮುಟ್ಟಬೇಡಿ. ತುಕ್ಕು ತಿಂದ ಗುಳಿಗಳಿದ್ದರೂ ಬೇಡ.

3. ಮುಂದಿನ ಮರ ತೆಗೆದು ಹಿಡಿಕೆಯನ್ನು ಹಿಡಿದು ಅಲುಗಿಸಿ. ನಳಿಗೆ ಲೊಟಗುಟ್ಟಿದರೆ ಕೀಲು ಸವೆದಿದೆ. ಹಿಡಿಕೆಯ ಸಪುರ ಭಾಗದಲ್ಲಿ ಬಿರುಕಿದೆಯೇ ನೋಡಿ.

4. ಖಾಲಿ ಕೋವಿಯ ಕುದುರೆ ಏರಿಸಿ, ಹಿಡಿಕೆಯ ಬುಡವನ್ನು ನೆಲಕ್ಕೆ ಮೆಲ್ಲನೆ ಕುಟ್ಟಿ. ಕುದುರೆ ತಾನಾಗಿ ಬಿದ್ದರೆ ಅದು ಆಳು ಕೊಲ್ಲುವ ಕೋವಿ.

5. ತೋಟೆ ಕೂರುವ ಮನೆ 65 ಮಿಲಿಮೀಟರೋ 70 ಮಿಲಿಮೀಟರೋ ಕೇಳಿ ತಿಳಿಯಿರಿ. 70ರ ತೋಟೆ 65ರ ಮನೆಯಲ್ಲೂ ಕೂರುತ್ತದೆ. ಆದರೆ ಹಾರಿಸಿದಾಗ ಅದರ ಬಾಯಿ ಪೂರ್ತಿ ತೆರೆದುಕೊಳ್ಳಲು ಸ್ಥಳವಿಲ್ಲದೆ ಒತ್ತಡ ಏರುತ್ತದೆ.

6. ನಳಿಗೆಯ ಮೇಲೆ ಹಾವಿನ ಮೈಯಂಥ ಸುರುಳಿ ಗೆರೆಗಳಿದ್ದರೆ ಅದು ಕರಿಮದ್ದಿನ ಕಾಲದ್ದು. ಇಂದಿನ ತೋಟೆಯನ್ನು ಅದು ತಾಳದು.

7. ತಯಾರಕರ ಹೆಸರು, ಸಂಖ್ಯೆ ಸ್ಪಷ್ಟವಾಗಿರಬೇಕು. ಗುರುತಿಲ್ಲದ ಕೋವಿಯನ್ನು ಮಾರುವುದೇ ಅಪರಾಧ.

ಖಾಸಗಿಯವರಿಂದ ಕೊಳ್ಳುವಾಗ ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಳೆಯಬೇಕು. ಅದಕ್ಕೆ ಮುಂಚೆ ಹಣ ಕೊಡಬೇಡಿ. 2019ರ ತಿದ್ದುಪಡಿಯ ಪ್ರಕಾರ ಒಬ್ಬರಿಗೆ 2 ಕೋವಿ ಮಾತ್ರ. ಪರವಾನಗಿಯ ಅವಧಿ 5 ವರ್ಷ. ತಂದೆಯವರ ಕಾಲದ ಕೋವಿ ಮನೆಯಲ್ಲಿದ್ದರೆ ಹೊಸದಕ್ಕೆ ದುಡ್ಡು ಹಾಕದೆ, ವಾರಸುದಾರರಾಗಿ ಅದನ್ನೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡುವುದು ಲಾಭ.

ಪರವಾನಗಿ ಇದ್ದ ಮಾತ್ರಕ್ಕೆ ಕೊಲ್ಲುವಂತಿಲ್ಲ

ಇದನ್ನು ಎಲ್ಲಕ್ಕಿಂತ ಮುಖ್ಯವಾಗಿ ಗಮನಿಸಬೇಕು. ಕೋವಿಯ ಪರವಾನಗಿ ಬೇರೆ, ಬೇಟೆಯ ಅನುಮತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯ ಪ್ರಕಾರ ಹಂದಿಯು 2ನೆಯ ಅನುಸೂಚಿಯಲ್ಲಿದೆ. ಬೆಳೆಗೆ ಹಾನಿ ಮಾಡುವ ಹಂದಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಆಜ್ಞೆ ಬೇಕು. ಹೊಡೆದ ಪ್ರಾಣಿ ಸರಕಾರದ್ದು, ನಮ್ಮ ಒಲೆಗಲ್ಲ. ಮಂಗ, ಕಾಡುಕೋಣ, ನವಿಲು 1ನೆಯ ಅನುಸೂಚಿಗೆ ಸೇರಿದವು. ಬೆಳೆ ಹಾನಿಯ ಕಾರಣಕ್ಕೆ ಅವನ್ನು ಕೊಲ್ಲಲು ಅನುಮತಿಯೇ ಇಲ್ಲ. ಮೈಮೇಲೆ ಬಂದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದರೆ ಅಪರಾಧವಲ್ಲ. ಆದರೆ ಈ ರಕ್ಷಣೆ ಮನುಷ್ಯನ ಪ್ರಾಣಕ್ಕೆ, ಬಾಳೆಗೊನೆಗೆ ಅಲ್ಲ.

ತೋಟದಿಂದ ಓಡಿಸಿದ ಹಂದಿಯ ಬೆನ್ನು ಹತ್ತಿ ಕೋವಿ ಸಮೇತ ಸೊಪ್ಪಿನ ಬೆಟ್ಟಕ್ಕೆ ಏರುವುದೂ ತಪ್ಪು. ಬೆಟ್ಟದ ಸೊಪ್ಪು ನಮಗೆ ಬಿಟ್ಟಿದ್ದರೂ ನೆಲ ಅರಣ್ಯದ್ದೇ. ದಾರಿಗೆ ತಂತಿ ಕಟ್ಟಿ ತಾನಾಗಿ ಸಿಡಿಯುವಂತೆ ಕೋವಿ ಹೂಡುವುದಂತೂ ಘೋರ. ಅದು ಹಂದಿಗೂ ಸೊಪ್ಪಿಗೆ ಹೋದ ಹೆಂಗಸಿಗೂ ಭೇದವೆಣಿಸದು.

ಮಳೆಗಾಲದ ಜೋಪಾನ

ನಮ್ಮ ಕರಾವಳಿಯ ತೇವದಲ್ಲಿ ಕೋವಿಗೆ ದೊಡ್ಡ ಶತ್ರು ತುಕ್ಕು. ಹಾರಿಸಿದ ದಿನವೇ ನಳಿಗೆ ಒರೆಸಿ ತೆಳುವಾಗಿ ಎಣ್ಣೆ ಸವರಿ. ಚರ್ಮದ ಚೀಲದಲ್ಲಿಟ್ಟರೆ ಚರ್ಮ ತೇವ ಹಿಡಿದು ತುಕ್ಕು ಹೆಚ್ಚುತ್ತದೆ. ತೋಟೆಗಳು ಒಣಗಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವುದು ಅಪಾಯ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಕೋವಿಯಿಂದ ಬೇರೆಯಾಗಿ, ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿಡಿ. 20 ಬೋರಿನ ತೋಟೆಯನ್ನು 12 ಬೋರಿನವುಗಳ ಜೊತೆ ಎಂದೂ ಬೆರೆಸಬೇಡಿ. ಅದು ನಳಿಗೆಯೊಳಗೆ ಜಾರಿ ಸಿಕ್ಕಿಕೊಂಡು, ಹಿಂದೆ ಹಾಕಿದ 12ರ ತೋಟೆ ಹಾರಿದಾಗ ನಳಿಗೆಯೇ ಸಿಡಿಯುತ್ತದೆ.

ಚುನಾವಣೆಯ ಕಾಲದಲ್ಲಿ ಕೋವಿಯನ್ನು ಠಾಣೆಯಲ್ಲಿಡುವಂತೆ ಆಜ್ಞೆ ಬರುವುದುಂಟು. ಬೆಳೆ ಕೈಗೆ ಬರುವ ಕಾಲವಾಗಿದ್ದರೆ ಕಾರಣ ಕೊಟ್ಟು ವಿನಾಯಿತಿ ಕೇಳಿರಿ. ಇಟ್ಟುಬರುವುದಾದರೆ ರಸೀದಿ ಪಡೆಯಿರಿ. ಹಂದಿ, ಕಾಡುಕೋಣದಿಂದ ಆದ ಹಾನಿಗೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡುವುದನ್ನು ಕೋವಿ ಇದ್ದವರೂ ಮರೆಯಬಾರದು.

ಕೊನೆಯದಾಗಿ, ಕೋವಿಯ ಸದ್ದಿಗೆ ಹಂದಿ ಒಂದು ರಾತ್ರಿ ಹೆದರೀತು, ದಿನವೂ ಹೆದರದು. ನಾಲ್ಕಾರು ತೋಟದವರು ಕೂಡಿ ಸರದಿಯ ಕಾವಲು ಹಾಕಿ, ಸೌರ ಬೇಲಿ ಎಳೆದುಕೊಂಡರೆ ಅವರ ನಡುವೆ ಒಂದೇ ಒಂದು ಒಳ್ಳೆಯ ಒಂಟಿ ನಳಿಗೆಯ ಕೋವಿ ಇದ್ದರೂ ಸಾಕು. ಆದರೆ ಅದನ್ನು ಹಿಡಿಯತಕ್ಕವರು ಪರವಾನಗಿಯಲ್ಲಿ ಹೆಸರಿದ್ದವರು ಮಾತ್ರ.