ಪರದೆ ಕೆಟ್ಟಿತೋ, ಫೈಲ್ ಕೆಟ್ಟಿತೋ: ಲಿನಕ್ಸ್ ಟರ್ಮಿನಲ್ ಮೆನುವಿನಲ್ಲಿ ಕನ್ನಡ ಅಕ್ಷರಗಳ ಗೊಂದಲ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾಡಿದ ಮಂಡನೆಯ ಬರಹರೂಪ. ಆಡುಮಾತಿನ ರೂಪಗಳನ್ನು ಅಲ್ಲಲ್ಲಿ ಹಾಗೆಯೇ ಉಳಿಸಿಕೊಂಡಿದೆ. ಆದೇಶಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.)

  

ನನ್ನ ಊರು ಹೊಸೂರಿನ ಹತ್ತಿರದ ಅವಲಪಲ್ಲಿ. ಜಿಲ್ಲೆ ಕೃಷ್ಣಗಿರಿ, ರಾಜ್ಯ ತಮಿಳುನಾಡು. ನಮ್ಮ ಕಡೆ ಮನೆಯಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು. ಊರಿನ ಹೆಸರಿನ ಕೊನೆಗಿರುವ 'ಪಲ್ಲಿ' ಅನ್ನೋದನ್ನೇ ತಗೊಳ್ಳಿ. ತೆಲುಗಿನವರಿಗೆ ಅದು ಹಳ್ಳಿ. ತಮಿಳಿನವರ ಕಿವಿಗೆ ಅದೇ ಸದ್ದು ಗೋಡೆ ಮೇಲಿನ ಹಲ್ಲಿ. ಸದ್ದು ಬದಲಾಗಿಲ್ಲ, ಕೇಳುವವರು ಯಾವ ಭಾಷೆಯಲ್ಲಿ ಅರ್ಥ ಮಾಡ್ಕೊಳ್ತಾರೆ ಅನ್ನೋದು ಮಾತ್ರ ಬದಲಾಗಿದೆ. ಕಂಪ್ಯೂಟರಿನ ಅಕ್ಷರ ಸಂಕೇತದ ಕಥೆಯೂ ಇಷ್ಟೇ. ಇವತ್ತಿನ ಮಂಡನೆಯ ಸಾರ ಒಂದೇ ಮಾತು: ಪರದೆಯ ಮೇಲೆ ಅಕ್ಷರ ಕೆಟ್ಟು ಕಂಡರೆ ಫೈಲನ್ನು ಮುಟ್ಟಬೇಡಿ. ಈ ಮಾತನ್ನು ನಾನು ನಷ್ಟ ಮಾಡಿಕೊಂಡು ಕಲಿತೆ.

1. ಪ್ರಸಂಗ

ನಮ್ಮ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯ ಪುಟ್ಟ ಗ್ರಂಥಾಲಯಕ್ಕೆ ಒಂದು ಮೆನು ಮಾಡಿಕೊಟ್ಟಿದ್ದೆ. ಹಳೆಯ ಕಂಪ್ಯೂಟರು, ಅದರಲ್ಲಿ ಲಿನಕ್ಸ್. ಗ್ರಾಫಿಕ್ಸ್ ಪರದೆ ಅದಕ್ಕೆ ಭಾರ ಅಂತ 'ಡೈಲಾಗ್' ಎಂಬ ಪ್ರೋಗ್ರಾಂ ಬಳಸಿ ಟರ್ಮಿನಲ್ಲಿನಲ್ಲೇ ಚೌಕಟ್ಟು ಹಾಕಿದ ಮೆನು. ಪುಸ್ತಕ ಹುಡುಕು, ಪುಸ್ತಕ ಕೊಡು, ವಾಪಸು ತಗೋ — ಇಷ್ಟೇ ಕೆಲಸ. ಪುಸ್ತಕಗಳ ಹೆಸರು ಮತ್ತು ಓದುಗ ಮಕ್ಕಳ ಹೆಸರುಗಳನ್ನು ನಿವೃತ್ತರಾದ ಟೀಚರೊಬ್ಬರು ಒಂದು ಬೇಸಿಗೆ ರಜೆಯಿಡೀ ಕೂತು ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿದ್ದರು. ಆ ಫೈಲಿಗೆ ಎರಡನೆಯ ಪ್ರತಿ ಇರಲಿಲ್ಲ.

ಮೊದಲು ಮೆನು ಇಂಗ್ಲಿಷಿನಲ್ಲಿತ್ತು, ಚೆನ್ನಾಗಿಯೇ ಓಡ್ತಿತ್ತು. ಟೀಚರು, "ಹೆಸರುಗಳು ಕನ್ನಡದಲ್ಲೇ ಕಾಣ್ಲಪ್ಪಾ, ಮಕ್ಕಳು ನೋಡ್ತಾರೆ" ಅಂದರು. ನಾನು ಮನೆಯಿಂದಲೇ ಆ ಯಂತ್ರಕ್ಕೆ ಸಂಪರ್ಕ ಮಾಡಿ, ಲೊಕೇಲನ್ನು ಕನ್ನಡ-ಇಂಡಿಯಾ ಯುಟಿಎಫ್-8ಕ್ಕೆ ಬದಲಾಯಿಸಿದೆ. ಮೆನು ತೆರೆದರೆ ಕನ್ನಡ ಇರಬೇಕಾದಲ್ಲೆಲ್ಲ ತಲೆ ಮೇಲೆ ಗೆರೆ ಎಳೆದ ಇಂಗ್ಲಿಷ್ 'ಎ', ಪಕ್ಕದಲ್ಲಿ ಮೇಲಕ್ಕೆ ಬರೆದ ಚಿಕ್ಕ 2 ಅಥವಾ 3. ಚೌಕಟ್ಟಿನ ಬಲಬದಿ ಎಲ್ಲೆಲ್ಲೋ ಓಡಿಹೋಗಿತ್ತು. ಕೆಲವು ಸಾಲುಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು.

ಫೈಲೇ ಕೆಟ್ಟಿದೆ ಅಂತ ತೀರ್ಮಾನಿಸಿಬಿಟ್ಟೆ. ಅದೇ ತಪ್ಪು.

2. ಬೈಟಿಗೆ ಹಣೆಪಟ್ಟಿ ಇಲ್ಲ

ಫೈಲಿನಲ್ಲಿ ಇರುವುದು ಅಕ್ಷರಗಳಲ್ಲ, 0ಯಿಂದ 255ರವರೆಗಿನ ಸಂಖ್ಯೆಗಳು. ಯುಟಿಎಫ್-8 ಎಂಬುದು ಆ ಸಂಖ್ಯೆಗಳನ್ನು ಓದುವ ಒಂದು ಒಪ್ಪಂದ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಇದನ್ನು ರೂಪಿಸಿದರು. ಈ ಒಪ್ಪಂದದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು. 'ಕ' ಅಂದರೆ 224, 178, 149. ಕನ್ನಡದ ಎಲ್ಲ ಸಂಕೇತಗಳೂ 224ರಿಂದಲೇ ಶುರುವಾಗುತ್ತವೆ. ಎರಡನೆಯದು 178 ಅಥವಾ 179. ಇದೇ ಸಂಖ್ಯೆಗಳನ್ನು ಲ್ಯಾಟಿನ್-1 ಎಂಬ ಪಶ್ಚಿಮ ಯುರೋಪಿನ ಪಟ್ಟಿಯಲ್ಲಿ ಓದಿದರೆ 224 ಅಂದರೆ ಗೆರೆ ಹಾಕಿದ 'ಎ', 178 ಅಂದರೆ ಚಿಕ್ಕ 2, 179 ಅಂದರೆ ಚಿಕ್ಕ 3. ನಾನು ಪರದೆ ಮೇಲೆ ಕಂಡದ್ದು ಇದನ್ನೇ. ಅಂದರೆ ಕನ್ನಡ ಪೂರ್ತಿ ಕ್ಷೇಮವಾಗಿತ್ತು, ಓದುವವನು ಬೇರೆ ಪಟ್ಟಿ ಹಿಡಿದಿದ್ದ.

ಸಾಲುಗಳು ಮೇಲೇರಿದ್ದಕ್ಕೂ ಕಾರಣ ಇದೆ. ಲ್ಯಾಟಿನ್-1ರಲ್ಲಿ 128ರಿಂದ 159ರವರೆಗಿನ ಸಂಖ್ಯೆಗಳು ಅಕ್ಷರಗಳಲ್ಲ, ಟರ್ಮಿನಲ್ಲಿಗೆ ಕೊಡುವ ಅಪ್ಪಣೆಗಳು. 141 ಅಂದರೆ "ಒಂದು ಸಾಲು ಮೇಲೆ ಹೋಗು". ನಮ್ಮ ಒತ್ತಕ್ಷರಗಳಲ್ಲಿ ಅಡಗಿರುವ ಹಲಂತದ ಗುರುತು 224, 179, 141. ಈ ಅಪ್ಪಣೆಯನ್ನು ಪಾಲಿಸುವ ಟರ್ಮಿನಲ್ಲಿನಲ್ಲಿ ಒಂದೊಂದು ಒತ್ತಕ್ಷರ ಬಂದಾಗಲೂ ಕರ್ಸರ್ ಒಂದು ಸಾಲು ಮೇಲೆ ಜಿಗಿಯುತ್ತದೆ.

3. ಯಾರ್ಯಾರು ಒಪ್ಪಬೇಕು

ಟರ್ಮಿನಲ್ ಮೆನುವಿನಲ್ಲಿ ಕನಿಷ್ಠ ನಾಲ್ಕು ಕಡೆಯವರು ಒಂದೇ ಒಪ್ಪಂದದಲ್ಲಿರಬೇಕು: ಫೈಲು, ಲೊಕೇಲು, ಮೆನು ಬರೆಯುವ ಪ್ರೋಗ್ರಾಂ, ತೋರಿಸುವ ಟರ್ಮಿನಲ್. ನಡುವೆ ಟಿಮಕ್ಸ್ ಅಥವಾ ಸ್ಕ್ರೀನ್ ಇದ್ದರೆ ಐದನೆಯವರು. ಒಬ್ಬೊಬ್ಬರನ್ನೇ ಕೇಳುತ್ತಾ ಬರಬೇಕು.

ಫೈಲನ್ನು ಕೇಳುವುದು: 'ಐಕಾನ್ವ್' ಆದೇಶಕ್ಕೆ ಯುಟಿಎಫ್-8ರಿಂದ ಯುಟಿಎಫ್-8ಕ್ಕೇ ಪರಿವರ್ತಿಸು ಅಂತ ಹೇಳಿ, ಫಲಿತಾಂಶವನ್ನು ಎಸೆದುಬಿಡಿ. ದೂರು ಬರದಿದ್ದರೆ ಬೈಟುಗಳ ಜೋಡಣೆ ಸರಿಯಿದೆ. 224 ಬಂದರೆ ಹಿಂದೆಯೇ 128ರಿಂದ 191ರೊಳಗಿನ ಎರಡು ಬೈಟು ಬರಲೇಬೇಕು ಎಂಬಂಥ ನಿಯಮ ಇರುವುದರಿಂದ ಬೇರೆ ಪಟ್ಟಿಯ ಬರಹ ಅಕಸ್ಮಾತ್ತಾಗಿ ಈ ಪರೀಕ್ಷೆ ದಾಟುವುದು ಅಪರೂಪ. ಇನ್ನೂ ಅನುಮಾನವಿದ್ದರೆ 'ಓಡಿ' ಆದೇಶದಿಂದ ಸಂಖ್ಯೆಗಳನ್ನೇ ನೋಡಿ. 224, 178 ಅಂತ ಕಂಡರೆ ನೆಮ್ಮದಿಯಾಗಿರಿ.

ಲೊಕೇಲನ್ನು ಕೇಳುವುದು: 'ಲೊಕೇಲ್ ಚಾರ್‌ಮ್ಯಾಪ್' ಅಂದರೆ ಈಗಿನ ಸಂಕೇತ ಯಾವುದು ಅಂತ ಹೇಳುತ್ತದೆ. ಎಲ್‌ಸಿ_ಆಲ್ ಇದ್ದರೆ ಅದೇ ಯಜಮಾನ, ಇಲ್ಲದಿದ್ದರೆ ಎಲ್‌ಸಿ_ಸಿಟೈಪ್, ಅದೂ ಇಲ್ಲದಿದ್ದರೆ ಲ್ಯಾಂಗ್. ಇನ್ನೊಂದು ವಿಷಯ: ಹೆಸರು ಕೊಟ್ಟ ಮಾತ್ರಕ್ಕೆ ಲೊಕೇಲ್ ಸಿಗುವುದಿಲ್ಲ, ಯಂತ್ರದಲ್ಲಿ ಅದನ್ನು ತಯಾರಿಸಿಟ್ಟಿರಬೇಕು. 'ಲೊಕೇಲ್ -ಎ' ಪಟ್ಟಿಯಲ್ಲಿ ಇಲ್ಲದಿದ್ದರೆ ಪ್ರೋಗ್ರಾಂಗಳು ಸದ್ದಿಲ್ಲದೆ ಹಳೆಯ 'ಸಿ' ಲೊಕೇಲಿಗೆ ಇಳಿದುಬಿಡುತ್ತವೆ. ದೂರದಿಂದ ಎಸ್‌ಎಸ್‌ಎಚ್ ಮೂಲಕ ಬಂದಾಗ ನಿಮ್ಮ ಲ್ಯಾಪ್‌ಟಾಪಿನ ಲೊಕೇಲ್ ಹೆಸರು ಜೊತೆಗೇ ಹೋಗಿ ಅಲ್ಲಿ ಇಂಥ ಗೊಂದಲ ಮಾಡುವುದೂ ಉಂಟು.

ಟರ್ಮಿನಲ್ಲನ್ನು ಕೇಳುವುದು: ನಾನು ವಿಂಡೋಸಿನಲ್ಲಿ 'ಪಟ್ಟಿ' ಎಂಬ ಪ್ರೋಗ್ರಾಂ ಬಳಸುತ್ತಿದ್ದೆ. (ಹೆಸರೇ ಪಟ್ಟಿ, ನಮ್ಮ ಲಿಸ್ಟ್ ಪಟ್ಟಿ ಅಲ್ಲ.) ಅದರ ಸೆಟ್ಟಿಂಗಿನಲ್ಲಿ ವಿಂಡೋ, ಅದರೊಳಗೆ ಟ್ರಾನ್ಸ್‌ಲೇಷನ್, ಅಲ್ಲಿ ರಿಮೋಟ್ ಕ್ಯಾರೆಕ್ಟರ್ ಸೆಟ್ ಅಂತ ಇದೆ. ನಾನು ಹಿಂದೆಂದೋ ಉಳಿಸಿಟ್ಟ ಸೆಟ್ಟಿಂಗಿನಲ್ಲಿ ಅದು ಲ್ಯಾಟಿನ್-1 ಆಗಿಯೇ ಇತ್ತು. ನಾಲ್ವರಲ್ಲಿ ಮೂವರು ಬದಲಾಗಿದ್ದರು, ಒಬ್ಬ ಹಳೇ ಮಾತನ್ನೇ ಹಿಡಿದಿದ್ದ. ಅಲ್ಲೊಂದು ಆಯ್ಕೆ ಬದಲಾಯಿಸಿದ್ದರೆ ಕಥೆ ಮುಗೀತಿತ್ತು.

4. ಗೆರೆಗಳು ಯಾಕೆ ಅಕ್ಷರಗಳಾಗುತ್ತವೆ

ಟರ್ಮಿನಲ್ಲನ್ನು ಯುಟಿಎಫ್-8ಕ್ಕೆ ಬದಲಾಯಿಸಿದ ಮೇಲೆ ಇನ್ನೊಂದು ತಮಾಷೆ. ಚೌಕಟ್ಟಿನ ಗೆರೆ ಇರಬೇಕಾದಲ್ಲಿ ಇಂಗ್ಲಿಷಿನ 'ಕ್ಯೂ' ಅಕ್ಷರದ ಸಾಲು, ಬದಿಗಳಲ್ಲಿ 'ಎಕ್ಸ್'. ಇದರ ಬೇರು 1978ರ ವಿಟಿ100 ಟರ್ಮಿನಲ್ಲಿನಲ್ಲಿದೆ. ಅದಕ್ಕೆ ಒಂದು ಗುಪ್ತ ಸನ್ನೆ ಕೊಟ್ಟರೆ ಸಣ್ಣ 'ಕ್ಯೂ' ಬಂದಲ್ಲಿ ─ ಎಳೆಯುತ್ತಿತ್ತು, 'ಎಕ್ಸ್' ಬಂದಲ್ಲಿ │, 'ಎಲ್' ಬಂದಲ್ಲಿ ┌. ಇನ್ನೊಂದು ಸನ್ನೆ ಕೊಟ್ಟರೆ ಮತ್ತೆ ಮಾಮೂಲು ಅಕ್ಷರ. ಎನ್‌ಕರ್ಸಸ್ ಲೈಬ್ರರಿ ಇವತ್ತಿಗೂ ಹಲವು ಕಡೆ ಈ ಸನ್ನೆಯನ್ನೇ ಕಳಿಸುತ್ತದೆ. ಆದರೆ ಯುಟಿಎಫ್-8ರಲ್ಲಿ ಗೆರೆಗಳಿಗೆ ಅವುಗಳದ್ದೇ ಸಂಕೇತಗಳಿರುವುದರಿಂದ ಕೆಲವು ಟರ್ಮಿನಲ್ಲುಗಳು ಹಳೆಯ ಸನ್ನೆಗೆ ಕಿವಿಗೊಡುವುದಿಲ್ಲ. ಆಗ 'ಕ್ಯೂ' ಬರೀ 'ಕ್ಯೂ' ಆಗಿಯೇ ಕಾಣುತ್ತದೆ.

ಮದ್ದು ಎರಡಿವೆ. ಎನ್‌ಕರ್ಸಸ್_ನೋ_ಯುಟಿಎಫ್8_ಎಸಿಎಸ್ ಎಂಬ ಪರಿಸರ ಚರಕ್ಕೆ 1 ಎಂಬ ಬೆಲೆ ಕೊಟ್ಟರೆ ಲೈಬ್ರರಿ ಸನ್ನೆ ಬಿಟ್ಟು ಯೂನಿಕೋಡ್ ಗೆರೆಗಳನ್ನೇ ಕಳಿಸುತ್ತದೆ. ಅಥವಾ ಡೈಲಾಗ್ ಆದೇಶಕ್ಕೆ 'ಆಸ್ಕಿ-ಲೈನ್ಸ್' ಆಯ್ಕೆ ಕೊಟ್ಟರೆ ಕೂಡಿಸುವ ಗುರುತು, ಅಡ್ಡಗೆರೆಗಳಿಂದಲೇ ಚೌಕಟ್ಟು ಹಾಕುತ್ತದೆ. ನೋಡಲು ಅಷ್ಟು ಚೆಂದ ಇಲ್ಲ, ಆದರೆ ಎಲ್ಲಿಯೂ ಕೈಕೊಡುವುದಿಲ್ಲ. ತಿರುಗುಮುರುಗಾಗಿ, ಪರದೆಯ ಅಕ್ಷರಗಳೆಲ್ಲ ಗೆರೆಗಳಾಗಿಬಿಟ್ಟರೆ ಟರ್ಮಿನಲ್ ಗೆರೆ ಸ್ಥಿತಿಯಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ಕಣ್ಣಿಗೆ ಕಾಣದಿದ್ದರೂ 'ರೀಸೆಟ್' ಅಂತ ಟೈಪ್ ಮಾಡಿ ಎಂಟರ್ ಒತ್ತಿ.

5. ಕಳಕೊಂಡದ್ದು

ಇವೆಲ್ಲ ನನಗೆ ಆಮೇಲೆ ತಿಳಿದ ವಿಷಯ. ಅವತ್ತು ರಾತ್ರಿ ನಾನು ಮಾಡಿದ್ದೇ ಬೇರೆ. ಫೈಲು ವಿಂಡೋಸ್-1252 ಸಂಕೇತದಲ್ಲಿದೆ ಅಂತ ಊಹಿಸಿ, ಐಕಾನ್ವ್ ಬಳಸಿ ಯುಟಿಎಫ್-8ಕ್ಕೆ ಪರಿವರ್ತಿಸಲು ಹೊರಟೆ. ಅದು ಮೊದಲ ಸಾಲುಗಳಲ್ಲೇ ತಪ್ಪು ಅಂತ ನಿಂತಿತು. ಆ ಎಚ್ಚರಿಕೆಯನ್ನು ಕೇಳಬೇಕಿತ್ತು. ನಾನು '-ಸಿ' ಎಂಬ ಆಯ್ಕೆ ಸೇರಿಸಿದೆ. ಅದರ ಅರ್ಥ, "ಗೊತ್ತಾಗದ್ದನ್ನು ಬಿಟ್ಟು ಮುಂದೆ ಹೋಗು". ಬಂದ ಫಲಿತಾಂಶವನ್ನು ಮೂಲ ಫೈಲಿನ ಮೇಲೇ ಉಳಿಸಿದೆ.

ವಿಂಡೋಸ್-1252ರಲ್ಲಿ ಐದು ಮನೆಗಳು ಖಾಲಿ: 129, 141, 143, 144, 157. ಕನ್ನಡದಲ್ಲಿ ಈ ಬೈಟುಗಳು ಎಲ್ಲಿ ಬರುತ್ತವೆ ನೋಡಿ. 224, 179, 129 ಅಂದರೆ ಉಕಾರದ ಕೊಂಬು. 224, 179, 141 ಅಂದರೆ ಹಲಂತ. 178ರ ಕಡೆ 143, 144, 157 ಅಂದರೆ ಏ, ಐ, ಝ. ಇಷ್ಟರ ಕೊನೆಯ ಬೈಟು ಫೈಲಿನಿಂದ ಮಾಯವಾಯಿತು. ಉಕಾರವಾಗಲಿ ಒತ್ತಕ್ಷರವಾಗಲಿ ಇಲ್ಲದ ಕನ್ನಡ ಸಾಲು ಎಷ್ಟು ಸಿಗುತ್ತೆ ಹೇಳಿ?

ಲ್ಯಾಟಿನ್-1 ಅಂತ ಊಹಿಸಿದ್ದರೆ ಇಷ್ಟು ಅನಾಹುತ ಆಗುತ್ತಿರಲಿಲ್ಲ. ಅದರಲ್ಲಿ 256 ಮನೆಗಳೂ ತುಂಬಿವೆ. 'ಕನ್ನಡ' ಎಂಬ ಪದದ 15 ಬೈಟು 30 ಆಗುತ್ತಿತ್ತು, ಅಷ್ಟೇ. ಉಲ್ಟಾ ಪರಿವರ್ತಿಸಿದರೆ ಮತ್ತೆ 15. ನನ್ನ ಫೈಲನ್ನು ಉಲ್ಟಾ ಮಾಡಿದಾಗ ಉಳಿದ ಅಕ್ಷರಗಳೆಲ್ಲ ಬಂದವು, ಆದರೆ ಸಾವಿರಾರು ಕಡೆ 224, 179 ಅಂತ ಬಂದು ಅಲ್ಲಿಗೇ ಮುರಿದಿತ್ತು. ಅಲ್ಲಿದ್ದದ್ದು ಕೊಂಬೋ ಹಲಂತವೋ ಬೈಟು ನೋಡಿ ಹೇಳಲು ಸಾಧ್ಯವೇ ಇಲ್ಲ. 'ಹೊಸೂರು' ಎಂಬಲ್ಲಿ ಯಾರಾದರೂ ಹೇಳಬಹುದು. ಪದಪಟ್ಟಿ ಇಟ್ಟುಕೊಂಡು ಒಂದು ಪುಟ್ಟ ಸ್ಕ್ರಿಪ್ಟ್ ಬರೆದೆ, ಪುಸ್ತಕಗಳ ಹೆಸರು ಬಹುಪಾಲು ಸರಿಹೋದವು. ಮಕ್ಕಳ ಹೆಸರಿನಲ್ಲಿ ಸ್ಕ್ರಿಪ್ಟ್ ಸೋತಿತು. 'ಕರುಣ' ಮತ್ತು 'ಕರ್ಣ' ಎರಡೂ ಹೆಸರುಗಳೇ. ಮುರಿದ ಫೈಲಿನಲ್ಲಿ ಎರಡಕ್ಕೂ ಒಂದೇ ಬೈಟುಗಳು.

ಕೊನೆಗೆ ಅನುಮಾನದ ಹೆಸರುಗಳನ್ನೆಲ್ಲ ಖಾಲಿ ಜಾಗ ಬಿಟ್ಟು ಪ್ರಿಂಟ್ ತೆಗೆದು ಟೀಚರ ಮನೆಗೆ ಹೋದೆ. ನಡೆದದ್ದನ್ನು ಹೇಳಿದೆ. ಅವರು ಬಯ್ಯಲಿಲ್ಲ. ಕನ್ನಡಕ ಹಾಕಿಕೊಂಡು, "ಇವನು ಕರ್ಣ, ಬಾಗಲೂರಿಂದ ಬರ್ತಿದ್ದ. ಇವಳು ಕರುಣ" ಅಂತ ಒಂದೊಂದೇ ತುಂಬಿಸುತ್ತಾ ಹೋದರು. ಕೆಲವು ಹೆಸರುಗಳ ಮುಂದೆ ಪೆನ್ನು ಹಿಡಿದು ಸುಮ್ಮನೆ ಕೂತರು, "ನೆನಪಾಗ್ತಿಲ್ಲಪ್ಪಾ" ಅಂದರು. ಆ ಹೆಸರುಗಳು ಇವತ್ತಿಗೂ ಫೈಲಿನಲ್ಲಿ ಪ್ರಶ್ನೆಗುರುತಿನ ಜೊತೆಗೇ ಇವೆ. ಊಹಿಸಿ ತುಂಬಲು ನನಗೆ ಮನಸ್ಸಾಗಲಿಲ್ಲ.

6. ಚರ್ಚೆಯಿಂದ

ಪ್ರಶ್ನೆ: ಎಲ್ಲವನ್ನೂ ಯುಟಿಎಫ್-8 ಮಾಡಿದ ಮೇಲೆ ಚೌಕಟ್ಟಿನ ಬಲಬದಿ ಸರಿಯಾಗಿ ನಿಂತಿತಾ?

ಉತ್ತರ: ಪೂರ್ತಿ ನಿಲ್ಲಲಿಲ್ಲ ಮೇಡಂ. 'ಕನ್ನಡ' ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿಗೆ ಐದು ಸಂಕೇತ, ಫೈಲಿಗೆ 15 ಬೈಟು, ಟರ್ಮಿನಲ್ಲಿನ ಲೆಕ್ಕದಲ್ಲಿ ನಾಲ್ಕು ಮನೆ. ಯಾಕೆಂದರೆ ಅದು ಹಲಂತಕ್ಕೆ ಸೊನ್ನೆ ಅಗಲ ಕೊಟ್ಟು ಮಿಕ್ಕ ನಾಲ್ಕಕ್ಕೆ ಒಂದೊಂದು ಮನೆ ಕೊಡುತ್ತದೆ. ಒತ್ತು ಕೆಳಗೆ ಕೂತಾಗ ಒಂದು ಮನೆ ಖಾಲಿ ಉಳಿಯುತ್ತದೆ. ಇದು ಸಂಕೇತದ ತಪ್ಪಲ್ಲ, ಅಗಲದ ಲೆಕ್ಕದ ಮಿತಿ. ನಾನು ಕನ್ನಡ ಹೆಸರುಗಳನ್ನು ಸಾಲಿನ ಕೊನೆಗೆ ಇಟ್ಟು, ಅಂಕಿಗಳನ್ನು ಮುಂದೆ ತಂದೆ.

ಪ್ರಶ್ನೆ: ನನ್ನ ಹತ್ತಿರ ಹಳೆಯ ನುಡಿ ಫೈಲುಗಳಿವೆ. ಲೊಕೇಲ್ ಬದಲಾಯಿಸಿದರೆ ಕಾಣುತ್ತವೆಯೇ?

ಉತ್ತರ: ಇಲ್ಲ ಸರ್. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್ ಆಧಾರಿತ ಬರಹದಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಮತ್ತು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿದೆ. ಪರದೆ ಮೇಲೆ ಪೌಂಡ್ ಗುರುತು, ತಲೆ ಮೇಲೆ ಗೆರೆ ಹಾಕಿದ ದೊಡ್ಡ 'ಎ'ಗಳು ಬೆರೆತು ಕಂಡರೆ ಅದು ನುಡಿ ಬರಹ ಇರಬಹುದು. ಅದಕ್ಕೆ ಯೂನಿಕೋಡ್ ಪರಿವರ್ತಕವೇ ಬೇಕು. ಗೆರೆ ಹಾಕಿದ ಸಣ್ಣ 'ಎ', ಚಿಕ್ಕ 2, 3 ಮತ್ತೆ ಮತ್ತೆ ಬಂದರೆ ಮಾತ್ರ ನಾನು ಹೇಳಿದ ಪ್ರಕರಣ.

ಪ್ರಶ್ನೆ: ಗ್ರಾಫಿಕ್ಸ್ ಇಲ್ಲದ ಬರೀ ಲಿನಕ್ಸ್ ಕನ್ಸೋಲಿನಲ್ಲಿ ಕನ್ನಡ ಮೆನು ಸಾಧ್ಯವೇ?

ಉತ್ತರ: ಮಾಮೂಲು ಕನ್ಸೋಲಿನಲ್ಲಿ ಆಗುವುದಿಲ್ಲ. ಅದರ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕಾರಗಳು, ಒತ್ತು ಕೂಡಿಸುವ ವ್ಯವಸ್ಥೆಯೂ ಇಲ್ಲ. ಡೆಬಿಯನ್ ಇನ್‌ಸ್ಟಾಲರ್‌ನಲ್ಲೂ ಕನ್ನಡ ಸಿಗುವುದು ಗ್ರಾಫಿಕ್ಸ್ ರೂಪದಲ್ಲಿ ಮಾತ್ರ.

ಮುಗಿಸುವ ಮುನ್ನ ಕ್ರಮವನ್ನು ಇನ್ನೊಮ್ಮೆ ಹೇಳಿಬಿಡ್ತೀನಿ. ಮೊದಲು ಫೈಲಿನ ಪ್ರತಿ ತೆಗೆದಿಡಿ. ಆಮೇಲೆ ಬೈಟು ನೋಡಿ, ಲೊಕೇಲ್ ನೋಡಿ, ಟರ್ಮಿನಲ್ ನೋಡಿ, ಕೊನೆಗೆ ಗೆರೆ ನೋಡಿ. ಪರಿವರ್ತನೆ ಮಾಡಲೇಬೇಕಾದರೆ ಹೊಸ ಹೆಸರಿನ ಫೈಲಿಗೆ ಮಾಡಿ, '-ಸಿ' ಹಾಕಬೇಡಿ. ಯಂತ್ರ "ಆಗಲ್ಲ" ಅಂದಾಗ ನಿಂತು ಯಾಕೆ ಅಂತ ಕೇಳಿ. ನಾನು ಕೇಳದೆ ಹೋದದ್ದಕ್ಕೆ ಒಂದಷ್ಟು ಮಕ್ಕಳ ಹೆಸರು ಅರ್ಧಕ್ಕೇ ನಿಂತಿವೆ.