ಎಂಜಿನ್ ಕೂತಾಯ್ತು, ಮ್ಯಾನಿಫೋಲ್ಡ್ ಏನು ಮಾಡೋದು?

ಎಂಜಿನ್ ಸ್ವಾಪ್ ಅಂದ ತಕ್ಷಣ ಎಲ್ಲರ ತಲೆಗೂ ಬರೋದು ಎಂಜಿನ್ ಮೌಂಟು, ಗೇರ್‌ಬಾಕ್ಸು, ವೈರಿಂಗು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಗ್ಗೆ ಕೇಳಿದ್ರೆ "ಅದೇನ್ ಮಹಾ, ಪೈಪ್ ಕಟ್ ಮಾಡಿ ವೆಲ್ಡ್ ಹೊಡೆದ್ರಾಯ್ತು" ಅಂತಾರೆ. ವೆಲ್ಡ್ ಹೊಡೆಯೋದು ಒಂದು ದಿನದ ಕೆಲಸ, ನಿಜ. ಆದರೆ ಆ ವೆಲ್ಡ್ ದಿನಾ ಕೆಂಪಗೆ ಕಾಯ್ದು, ತಣ್ಣಗಾಗಿ, ಮತ್ತೆ ಕಾಯ್ದು, ಆರು ತಿಂಗಳಾದ ಮೇಲೂ ಬಿರುಕು ಬಿಡದೆ ನಿಲ್ಲಬೇಕಲ್ಲ? ಬಿರುಕು ಬಿಟ್ಟರೆ ಹೊರಬರೋದು ಬರೀ ಸದ್ದಲ್ಲ, ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹಾಗಾಗಿ ಈ ಕೆಲಸವನ್ನು ಮನೆಯ ಶೆಡ್‌ನಲ್ಲಿ ಮಾಡುವವರು ಮೊದಲು ಏನು ತಿಳಿದಿರಬೇಕು ಅಂತ ಇಲ್ಲಿ ನೋಡೋಣ.

ನಮ್ಮ ಕಡೆ ಎಲ್ಲರಿಗೂ ಗೊತ್ತಿರೋ ಗಾಡಿಯನ್ನೇ ಉದಾಹರಣೆಗೆ ತಗೊಳ್ಳೋಣ: ಮಾರುತಿ ಜಿಪ್ಸಿ. 1985ರಲ್ಲಿ ಬಂದಾಗ ಅದರಲ್ಲಿ ಇದ್ದದ್ದು 970 ಸಿಸಿಯ ಎಫ್10ಎ ಎಂಜಿನ್. 1996ರಲ್ಲಿ ಜಿಪ್ಸಿ ಕಿಂಗ್ ಬಂದಾಗ 1298 ಸಿಸಿಯ ಜಿ13 ಸರಣಿಯ ಎಂಜಿನ್ ಸಿಕ್ಕಿತು. ಇದೇ ಕುಟುಂಬದ 1.3 ಲೀಟರ್ ಎಂಜಿನ್ ಎಸ್ಟೀಮ್ ಕಾರಿನಲ್ಲೂ ಇತ್ತು. ಹಳೇ ಜಿಪ್ಸಿಗೆ ಗುಜರಿಗೆ ಬಂದ ಎಸ್ಟೀಮ್‌ನ ಎಂಜಿನ್ ಹಾಕೋ ಯೋಚನೆ ಬರೋದು ಇಲ್ಲಿಂದಲೇ.

ತೊಡಕು ಎಲ್ಲಿದೆ?

ಎಸ್ಟೀಮ್ ಮುಂದಿನ ಚಕ್ರ ಎಳೆಯೋ ಕಾರು, ಅದರಲ್ಲಿ ಎಂಜಿನ್ ಅಡ್ಡ ಕೂತಿರುತ್ತೆ. ಜಿಪ್ಸಿಯಲ್ಲಿ ಎಂಜಿನ್ ಉದ್ದಕ್ಕೆ ಕೂರಬೇಕು. ಎಂಜಿನ್ ತಿರುಗಿಸಿ ಕೂರಿಸಿದರೆ ಮ್ಯಾನಿಫೋಲ್ಡ್‌ನ ಬಾಯಿಯೂ ಅದರ ಜೊತೆ ತಿರುಗುತ್ತೆ. ಕಾರಿನ ಬಾನೆಟ್ ಒಳಗೆ ಸರಿಯಾಗಿದ್ದ ದಾರಿ ಈಗ ಚಾಸಿಗೋ, ಎಂಜಿನ್ ಮೌಂಟಿಗೋ, ಸ್ಟೀರಿಂಗ್ ಶಾಫ್ಟಿಗೋ ಎದುರಾಗಬಹುದು.

ಕಟ್ ಮಾಡೋ ಮುಂಚೆ ಮೂರು ದಾರಿಗಳನ್ನು ಈ ಕ್ರಮದಲ್ಲೇ ಯೋಚಿಸಬೇಕು:

1. ಜಿಪ್ಸಿ ಕಿಂಗ್‌ನದೇ ಮ್ಯಾನಿಫೋಲ್ಡ್ ಸಿಗುತ್ತಾ? ಸಿಕ್ಕಿದ್ರೆ ಅರ್ಧ ಕೆಲಸ ಉಳಿತು. ಆದರೆ 8 ವಾಲ್ವ್ ಹೆಡ್ ಬೇರೆ, 16 ವಾಲ್ವ್ ಹೆಡ್ ಬೇರೆ. ನಿಮ್ಮ ಹೆಡ್‌ನ ಗ್ಯಾಸ್ಕೆಟ್ ತಗೊಂಡು ಹೋಗಿ, ಇಟ್ಟು ನೋಡಿ, ಆಮೇಲೆ ದುಡ್ಡು ಕೊಡಿ.
2. ಇರೋ ಮ್ಯಾನಿಫೋಲ್ಡ್ ಮುಟ್ಟದೆ, ಅದರ ಬಾಯಿಗೆ ಹೊಸ ಫ್ಲ್ಯಾಂಜ್ ಮತ್ತು ಹೊಸ ಡೌನ್‌ಪೈಪ್ ಕೂರಿಸೋಕೆ ಆಗುತ್ತಾ?
3. ಎರಡೂ ಆಗಲ್ಲ ಅಂದ್ರೆ, ಹೆಡ್‌ನ ಫ್ಲ್ಯಾಂಜ್‌ನಿಂದಲೇ ಸ್ಟೀಲ್ ಪೈಪಿನಲ್ಲಿ ಹೊಸದು ಮಾಡೋದು.

ಎರಕದ ಮ್ಯಾನಿಫೋಲ್ಡನ್ನೇ ಕತ್ತರಿಸಿ, ತಿರುಗಿಸಿ, ವೆಲ್ಡ್ ಮಾಡೋ ದಾರಿ ಈ ಪಟ್ಟಿಯಲ್ಲಿ ಯಾಕಿಲ್ಲ? ಎರಕದ ಕಬ್ಬಿಣದಲ್ಲಿ ಕಾರ್ಬನ್ ಸುಮಾರು 3 ಪರ್ಸೆಂಟ್ ಇರುತ್ತೆ, ಮೈಲ್ಡ್ ಸ್ಟೀಲ್‌ನಲ್ಲಿ 0.25ಕ್ಕಿಂತ ಕಮ್ಮಿ. ವೆಲ್ಡ್ ಮಾಡಿದ ಜಾಗ ಬೇಗ ತಣ್ಣಗಾದ್ರೆ ಅದರ ಅಂಚು ಗಾಜಿನ ಹಾಗೆ ಪೆಡಸಾಗುತ್ತೆ. ಅದನ್ನು ತಪ್ಪಿಸೋಕೆ ಇಡೀ ತುಂಡನ್ನು ಮೊದಲೇ 300 ಡಿಗ್ರಿ ದಾಟಿಸಿ ಕಾಯಿಸಬೇಕು, ನಿಕ್ಕಲ್ ರಾಡ್ ಬಳಸಬೇಕು, ಒಂದು ಸಲಕ್ಕೆ ಒಂದು ಇಂಚಿನಷ್ಟೇ ವೆಲ್ಡ್ ಹಾಕಿ ಸುತ್ತಿಗೆಯಿಂದ ಹಗುರವಾಗಿ ತಟ್ಟಬೇಕು, ಕೊನೆಗೆ ಬಿಸಿ ಬೂದಿ ಅಥವಾ ಒಣ ಮರಳಿನಲ್ಲಿ ಹೂತಿಟ್ಟು ರಾತ್ರಿಯಿಡೀ ನಿಧಾನವಾಗಿ ತಣಿಸಬೇಕು. ಅದೂ ಅಲ್ದೆ, ವರ್ಷಗಟ್ಟಲೆ ಹೊಗೆ ಕುಡಿದ ಹಳೇ ಎರಕದ ಮೇಲೆ ವೆಲ್ಡ್ ಸರಿಯಾಗಿ ಹಿಡಿಯೋದೂ ಇಲ್ಲ. ಅನುಭವ ಇರೋ ವೆಲ್ಡರ್ ಮಾಡಬಹುದು. ಮನೆಯಲ್ಲಿ ಮಾಡೋರಿಗೆ ಸ್ಟೀಲೇ ಸರಿ.

ಹಿಗ್ಗೋ ಲೆಕ್ಕ

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕೋದನ್ನು ಅಜ್ಜ ಅಜ್ಜಿ ಹೇಳಿರಬಹುದು. ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸ್ತಾರೆ, ಅದು ಹಿಗ್ಗುತ್ತೆ, ಮರದ ಚಕ್ರಕ್ಕೆ ತೊಡಿಸಿ ನೀರು ಹುಯ್ತಾರೆ, ಕುಗ್ಗಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ. ಕಮ್ಮಾರನಿಗೆ ನೆರವಾಗುವ ಇದೇ ಗುಣ ಮ್ಯಾನಿಫೋಲ್ಡ್‌ಗೆ ಶತ್ರು.

ಲೆಕ್ಕ ಹಾಕಿ ನೋಡೋಣ. ಪೆಟ್ರೋಲ್ ಎಂಜಿನ್ ಪೂರ್ತಿ ಲೋಡಿನಲ್ಲಿ ಓಡುವಾಗ ಪೋರ್ಟಿನಿಂದ ಹೊರಬೀಳೋ ಅನಿಲ 800 ಡಿಗ್ರಿ ಸೆಲ್ಸಿಯಸ್ ದಾಟುತ್ತೆ. ಮ್ಯಾನಿಫೋಲ್ಡ್‌ನ ಉದ್ದ 350 ಮಿ.ಮೀ., ಅದರ ಬಿಸಿ 500 ಡಿಗ್ರಿ ಏರಿತು ಅಂದುಕೊಳ್ಳಿ. ಮೈಲ್ಡ್ ಸ್ಟೀಲ್ ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಭಾಗ ಹಿಗ್ಗುತ್ತೆ. ಅಂದ್ರೆ 350 × 500 × 0.000012 = 2.1 ಮಿ.ಮೀ. ಸ್ಟೇನ್‌ಲೆಸ್ 304 ಆದ್ರೆ ಸುಮಾರು 3 ಮಿ.ಮೀ. ಈಗ ಅಲ್ಯೂಮಿನಿಯಂ ಹೆಡ್ ನೋಡಿ. ಅದು ಹಿಗ್ಗೋದು ಸ್ಟೀಲಿನ ಎರಡರಷ್ಟು, ಆದರೆ ಕೂಲೆಂಟ್ ಇರೋದ್ರಿಂದ ಬಿಸಿ ಏರೋದು ಸುಮಾರು 70 ಡಿಗ್ರಿ ಮಾತ್ರ. ಅಷ್ಟಕ್ಕೆ ಅದು ಹಿಗ್ಗೋದು ಬರೀ 0.6 ಮಿ.ಮೀ.

ಒಂದು 2 ಮಿ.ಮೀ. ಹಿಗ್ಗಬೇಕು ಅಂತಿದೆ, ಅದನ್ನು ಬೋಲ್ಟ್ ಹಾಕಿ ಹಿಡಿದಿರೋದು 0.6ಕ್ಕೇ ನಿಲ್ಲುತ್ತೆ. ಇಬ್ಬರ ಮಧ್ಯೆ ಸಿಕ್ಕಿಕೊಳ್ಳೋದು ಸ್ಟಡ್ ಮತ್ತು ವೆಲ್ಡ್. ನಿಜವಾದ ಎಂಜಿನ್‌ನಲ್ಲಿ ಹೆಡ್‌ಗೆ ಅಂಟಿಕೊಂಡ ಫ್ಲ್ಯಾಂಜ್ ಪೈಪಿಗಿಂತ ತಂಪಾಗಿರೋದ್ರಿಂದ ಅಂಕಿ ಸ್ವಲ್ಪ ಬದಲಾಗುತ್ತೆ, ಎಳೆದಾಟ ಮಾತ್ರ ತಪ್ಪಲ್ಲ. ಆದ್ದರಿಂದ ಎಷ್ಟೇ ಗಟ್ಟಿಯಾಗಿ ಹಿಡಿದರೂ ಪ್ರಯೋಜನ ಇಲ್ಲ, ಹಿಗ್ಗೋಕೆ ಜಾಗ ಬಿಡಬೇಕು. ಬಿಡೋದು ಹೀಗೆ:

- ಮಧ್ಯದ ಬೋಲ್ಟಿನ ತೂತು ಅಳತೆಗೆ ಸರಿಯಾಗಿರಲಿ. ತುದಿಗೆ ಹೋದ ಹಾಗೆ ತೂತುಗಳನ್ನು ಉದ್ದದ ದಿಕ್ಕಿನಲ್ಲಿ 1–2 ಮಿ.ಮೀ. ಅಗಲ ಮಾಡಿ.
- ಫ್ಲ್ಯಾಂಜ್‌ಗೆ 10 ಮಿ.ಮೀ. ದಪ್ಪದ ಪ್ಲೇಟ್ ಬಳಸಿ. ವೆಲ್ಡಿಂಗ್ ಎಲ್ಲಾ ಮುಗಿದ ಮೇಲೆ ಪೋರ್ಟುಗಳ ನಡುವಿನ ಪಟ್ಟಿಯನ್ನು ಗರಗಸದಿಂದ ಸೀಳಿದರೆ ಪ್ರತಿ ಪೋರ್ಟೂ ಸ್ವತಂತ್ರ.
- ಡೌನ್‌ಪೈಪ್‌ನಲ್ಲಿ ಒಂದು ಫ್ಲೆಕ್ಸಿಬಲ್ ಬೆಲ್ಲೋಸ್ ಇರಲಿ. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಅಲ್ಲಾಡುತ್ತೆ, ಸೈಲೆನ್ಸರ್ ಚಾಸಿಗೆ ನೇತಾಡುತ್ತೆ. ಇವೆರಡರ ಜಗಳ ಮ್ಯಾನಿಫೋಲ್ಡ್‌ವರೆಗೆ ಬರಬಾರದು.
- ಡೌನ್‌ಪೈಪ್‌ನ ಭಾರ ಹೊರೋಕೆ ಗೇರ್‌ಬಾಕ್ಸ್‌ನಿಂದ ಒಂದು ಬ್ರಾಕೆಟ್ ಕೊಡಿ.

ಅಳತೆಯಿಂದ ವೆಲ್ಡಿನವರೆಗೆ

ಫ್ಲ್ಯಾಂಜ್‌ನ ಆಕಾರವನ್ನು ಗ್ಯಾಸ್ಕೆಟ್ ಇಟ್ಟು ರಟ್ಟಿನ ಮೇಲೆ ಬರೆದುಕೊಳ್ಳಿ. ಪೈಪಿನ ದಾರಿ ಹುಡುಕೋಕೆ ಪಿವಿಸಿ ಬೆಂಡುಗಳು ಸಾಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತೆ. ಅದನ್ನು ಟೇಪಿನಿಂದ ಜೋಡಿಸಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಂಜಿನ್ ಹಿಡಿದು ಅಲ್ಲಾಡಿಸಿ ನೋಡಿ. ಯಾವ ಲೋಹಕ್ಕೂ ಒಂದು ಇಂಚಿಗಿಂತ ಹತ್ತಿರ ಹೋಗಬಾರದು. ಬ್ರೇಕ್ ಹೋಸ್, ಪೆಟ್ರೋಲ್ ಲೈನ್, ವೈರಿಂಗ್ ಇದ್ದ ಕಡೆ ಇನ್ನೂ ದೂರ ಬೇಕು, ಮಧ್ಯೆ ಒಂದು ಹೀಟ್ ಶೀಲ್ಡೂ ಬೇಕು. ವೆಲ್ಡ್ ಶುರು ಮಾಡೋ ಮುಂಚೆ ಪಿವಿಸಿಯನ್ನು ದೂರ ಇಡಿ, ಅದು ಸುಟ್ಟರೆ ಬರೋ ಹೊಗೆ ಒಳ್ಳೇದಲ್ಲ.

ಈ ಎಂಜಿನ್‌ನ ಪ್ರತಿ ಸಿಲಿಂಡರ್ ಸುಮಾರು 325 ಸಿಸಿ. 38 ಮಿ.ಮೀ. ಹೊರವ್ಯಾಸದ, 1.5ರಿಂದ 2 ಮಿ.ಮೀ. ದಪ್ಪದ ಪೈಪ್ ಸಾಕು. ದಪ್ಪ ಪೈಪ್ ಹಾಕಿದ್ರೆ ಪವರ್ ಜಾಸ್ತಿ ಅನ್ನೋ ಮಾತು ನಂಬಬೇಡಿ, ಪೈಪ್ ಅಗಲವಾದಷ್ಟು ಅನಿಲದ ವೇಗ ಕಮ್ಮಿಯಾಗಿ ಕೆಳಗಿನ ಆರ್‌ಪಿಎಂನ ಎಳೆತ ಹೋಗುತ್ತೆ. ಘಾಟಿ ಹತ್ತೋ ಜಿಪ್ಸಿಗೆ ಬೇಕಾಗಿರೋದೇ ಆ ಎಳೆತ. ಫೈರಿಂಗ್ ಆರ್ಡರ್ 1-3-4-2 ಆಗಿರೋದ್ರಿಂದ 1–4 ಒಂದು ಜೋಡಿ, 2–3 ಇನ್ನೊಂದು ಜೋಡಿ ಮಾಡಿ, ಆಮೇಲೆ ಎರಡನ್ನೂ ಸೇರಿಸಿದ್ರೆ ಒಬ್ಬರ ಹೊಗೆ ಇನ್ನೊಬ್ಬರ ದಾರಿಗೆ ಅಡ್ಡ ಬರಲ್ಲ. ಜಾಗ ಇಲ್ಲದಿದ್ದರೆ ನಾಲ್ಕನ್ನೂ ಒಟ್ಟಿಗೆ ಸೇರಿಸಿದರೂ ಗಾಡಿ ಓಡುತ್ತೆ.

ಪೈಪ್ ಕೊಳ್ಳುವಾಗ ಒಂದು ಎಚ್ಚರಿಕೆ: ನೀರಿನ ಜಿಐ ಪೈಪ್ ಬೇಡವೇ ಬೇಡ. ಅದರ ಮೇಲಿನ ಸತು ವೆಲ್ಡಿಂಗ್‌ನಲ್ಲಿ ಆವಿಯಾಗುತ್ತೆ, ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳಲ್ಲಿ ಚಳಿಜ್ವರ ಬರುತ್ತೆ. ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್‌ನಿಂದ ಒರೆಸಿದ ಜಾಗಕ್ಕೂ ವೆಲ್ಡ್ ಹಚ್ಚಬೇಡಿ, ಅದರಿಂದ ಫಾಸ್ಜೀನ್ ಅನ್ನೋ ವಿಷಾನಿಲ ಹುಟ್ಟಬಹುದು.

ಗಾಡಿಯ ಮೇಲೆ ಬರೀ ಟ್ಯಾಕ್ ಹಾಕಿ, ಅದೂ ಬ್ಯಾಟರಿ ಮತ್ತು ಇಸಿಯು ಕನೆಕ್ಷನ್ ತೆಗೆದ ಮೇಲೆ. ಪೂರ್ತಿ ವೆಲ್ಡ್ ಮಾಡುವಾಗ ಫ್ಲ್ಯಾಂಜನ್ನು ಒಂದು ದಪ್ಪ ಸ್ಟೀಲ್ ಪ್ಲೇಟಿಗೆ ಬೋಲ್ಟ್ ಮಾಡಿ, ಒಂದನೇ ಪೋರ್ಟ್ ಆದ ಮೇಲೆ ನಾಲ್ಕನೇದು, ಆಮೇಲೆ ಎರಡು, ಮೂರು, ಹೀಗೆ ಜಾಗ ಬದಲಿಸಿ. ಎಷ್ಟೇ ಹುಷಾರಾಗಿದ್ದರೂ ಫ್ಲ್ಯಾಂಜ್ ಸ್ವಲ್ಪ ಬಾಗೇ ಬಾಗುತ್ತೆ. ಸ್ಟ್ರೇಟ್ ಎಡ್ಜ್ ಇಟ್ಟು ನೋಡಿ. ಕೆಳಗೆ 0.1 ಮಿ.ಮೀ. ಫೀಲರ್ ಗೇಜ್ ತೂರಿದರೆ ಮೆಷಿನ್ ಶಾಪಿಗೆ ಕೊಟ್ಟು ಮುಖ ಹೊಡೆಸಿ. ಪೋರ್ಟುಗಳ ನಡುವೆ ಸೀಳೋದು ಇದಾದ ಮೇಲೆ.

ಸೋರಿಕೆ ಒಳಗೂ ಬರುತ್ತೆ

ಇಂಜೆಕ್ಷನ್ ಇರೋ ಎಂಜಿನ್ ಆದ್ರೆ ಆಕ್ಸಿಜನ್ ಸೆನ್ಸರ್‌ಗೆ ಜಾಗ ಬೇಕು. ನಾಲ್ಕೂ ಪೈಪ್ ಸೇರಿದ ಮೇಲೆ, ನೆಲದ ಮಟ್ಟಕ್ಕಿಂತ ಕನಿಷ್ಠ 10 ಡಿಗ್ರಿ ಮೇಲಕ್ಕೆ ಓರೆಯಾಗಿ ಕೂರಿಸಿ, ಆಗ ಅದರ ಮೇಲೆ ನೀರು ನಿಲ್ಲಲ್ಲ.

ಸೆನ್ಸರ್‌ಗಿಂತ ಮುಂಚೆ ಸಣ್ಣ ತೂತಿದ್ದರೆ ಹೊಗೆ ಹೊರಗೆ ಹೋಗುತ್ತೆ ಅಷ್ಟೇ ತಾನೇ ಅಂದುಕೊಳ್ಳಬೇಡಿ. ಅನಿಲ ಹೋಗೋದು ಅಲೆ ಅಲೆಯಾಗಿ. ಎರಡು ಅಲೆಗಳ ನಡುವೆ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕಮ್ಮಿಯಾಗಿ ಗಾಳಿ ಒಳಗೆ ನುಗ್ಗುತ್ತೆ. ಸೆನ್ಸರ್ ಅದನ್ನು ನೋಡಿ "ಆಮ್ಲಜನಕ ಜಾಸ್ತಿ ಇದೆ, ಪೆಟ್ರೋಲ್ ಸಾಲ್ತಿಲ್ಲ" ಅಂತ ವರದಿ ಕೊಡುತ್ತೆ. ಇಸಿಯು ಪೆಟ್ರೋಲ್ ಸುರಿಯುತ್ತೆ. ಮೈಲೇಜ್ ಬೀಳುತ್ತೆ, ಹೊಗೆ ಹೆಚ್ಚುತ್ತೆ, ಕ್ಯಾಟಲಿಟಿಕ್ ಕನ್ವರ್ಟರ್ ವಿಪರೀತ ಕಾಯುತ್ತೆ.

ಪರೀಕ್ಷೆ ಸುಲಭ. ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಬಿಡೋ ಬಾಯಿಯನ್ನು ಸೈಲೆನ್ಸರ್ ತುದಿಗೆ ಹಿಡಿದು, ತಣ್ಣಗಿರೋ ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದಲ್ಲಿ ಸೋರಿಕೆ. ಎಂಜಿನ್ ಓಡಿಸೋದು ಬಯಲಲ್ಲೇ ಆಗಲಿ, ಬಾಗಿಲು ಮುಚ್ಚಿದ ಶೆಡ್‌ನಲ್ಲಿ ಒಂದು ನಿಮಿಷವೂ ಬೇಡ.

ರಸ್ತೆಗೆ ಇಳಿಸೋ ಮುಂಚೆ

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಗಾಡಿಯ ಮಾರ್ಪಾಡಿನ ಬಗ್ಗೆಯೇ ಇದೆ. ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಎಂಜಿನ್ ನಂಬರ್ ಆರ್‌ಸಿಯಲ್ಲಿ ಇರುತ್ತಲ್ವಾ? ಹಾಗಾಗಿ ಎಂಜಿನ್ ಕೊಳ್ಳೋ ಮುಂಚೆಯೇ ಆರ್‌ಟಿಒದಲ್ಲಿ ಕೇಳಿ, ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಸಿಗದಿದ್ದರೆ ಅದು ಎಸ್ಟೇಟ್ ಒಳಗಿನ ಗಾಡಿಯಾಗಿಯೋ ಕಾಲೇಜಿನ ಪ್ರಾಜೆಕ್ಟ್ ಆಗಿಯೋ ಉಳಿಯಲಿ.

ಕೊನೇದಾಗಿ, ಬೋಲ್ಟುಗಳನ್ನು ಮಧ್ಯದಿಂದ ಹೊರಕ್ಕೆ, ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿ ಮಾಡಿ. ಹೊಸ ಗ್ಯಾಸ್ಕೆಟ್ ಹಾಕಿ. ಒಂದೆರಡು ಸಲ ಕಾಯ್ದು ತಣ್ಣಗಾದ ಮೇಲೆ ಮತ್ತೆ ಬಿಗಿ ನೋಡಿ. ಆಮೇಲೂ ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ನೋಡ್ತಾ ಇರಿ. ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಬಂದು, ಬಿಸಿಯಾದ ಮೇಲೆ ನಿಂತರೆ, ಅದು ಹಿಗ್ಗಿ ಮುಚ್ಚಿಕೊಳ್ಳೋ ಸಣ್ಣ ಬಿರುಕು ಇರಬಹುದು. ಬಿರುಕು ಪೋರ್ಟುಗಳ ನಡುವೆ ಇದ್ದರೆ ಹಿಗ್ಗೋಕೆ ಜಾಗ ಸಾಲಲಿಲ್ಲ ಅಂತ ತಿಳ್ಕೊಳ್ಳಿ. ಡೌನ್‌ಪೈಪ್ ಸೇರೋ ಕಡೆ ಇದ್ದರೆ ಭಾರಕ್ಕೆ ಆಸರೆ ಸಾಲಲಿಲ್ಲ ಅಂತ ಅರ್ಥ. ಅದರ ಮೇಲೆ ಇನ್ನೊಂದು ವೆಲ್ಡ್ ಹೊಡೆಯೋ ಮುಂಚೆ ಆ ಕಾರಣವನ್ನು ಸರಿ ಮಾಡಿ. ಇಲ್ಲಾಂದ್ರೆ ಅದೇ ಜಾಗ, ಇಲ್ಲವೇ ಅದರ ಪಕ್ಕದ ಜಾಗ, ಮತ್ತೆ ಬಿಡುತ್ತೆ.