ವಿಮೆಯ ಕಾರ್ಡ್ ಇದ್ದರಷ್ಟೇ ಸಾಲದು, ಚಿಕಿತ್ಸೆಯೂ ಹತ್ತಿರ ಸಿಗಬೇಕು

ಅರಸೀಕೆರೆ: ಅಂಗವಿಕಲರಿಗೆ ಸಮುದಾಯದ ನಡುವೆಯೇ ಬಾಳುವ ಹಕ್ಕಿದೆ. ನಿರ್ದಿಷ್ಟ ವಸತಿ ವ್ಯವಸ್ಥೆಯಲ್ಲಿಯೇ ಇರಬೇಕಾದ ಅನಿವಾರ್ಯತೆ ಅವರಿಗೆ ಬಾರದಂತೆ ಸರ್ಕಾರ ಪ್ರಯತ್ನಿಸಬೇಕು. ಅಂಗವಿಕಲರ ಹಕ್ಕುಗಳ ಕಾಯ್ದೆ-2016ರ 5ನೇ ಕಲಂ ಹೇಳುವುದು ಇದನ್ನೇ. ಆದರೆ ಸರ್ಕಾರಿ ಆರೋಗ್ಯ ವಿಮೆ ಈ ಹಕ್ಕಿಗೆ ಎಷ್ಟರಮಟ್ಟಿಗೆ ಆಸರೆಯಾಗಿದೆ?

ಆಸ್ಪತ್ರೆಗೆ 5 ಲಕ್ಷ

2018ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಲಭ್ಯ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನು, 1.5 ಲಕ್ಷ ರೂಪಾಯಿ ಮಿತಿಯಲ್ಲಿ ಸರ್ಕಾರ ಭರಿಸುತ್ತದೆ. ಶಸ್ತ್ರಚಿಕಿತ್ಸೆ ಅಥವಾ ಗಂಭೀರ ಕಾಯಿಲೆಯ ಸಂದರ್ಭದಲ್ಲಿ ಇದು ದೊಡ್ಡ ಆಸರೆಯೇ ಸರಿ.

ಆದರೆ ಸೆರೆಬ್ರಲ್ ಪಾಲ್ಸಿಯಿಂದ ಬಳಲುವ ಮಗುವಿಗೆ ಬೇಕಾದುದು ಒಮ್ಮೆ ಮಾಡಿ ಮುಗಿಸುವ ಚಿಕಿತ್ಸೆಯಲ್ಲ. ಫಿಸಿಯೋಥೆರಪಿ, ಮಾತಿನ ತರಬೇತಿ ವರ್ಷಗಟ್ಟಲೆ ನಡೆಯಬೇಕು. ವ್ಯಾಯಾಮ ನಿಂತರೆ ಕೈಕಾಲುಗಳ ಸ್ನಾಯುಗಳು ಬಿಗಿದುಕೊಂಡು, ಕೂರುವುದೂ ಕಷ್ಟವಾಗಬಹುದು.

ಏನಿದು ‘ನಿರಾಮಯ’?

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದು ಕೇಂದ್ರದ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಹಾಗೂ ಬಹುವಿಧ ಅಂಗವೈಕಲ್ಯ ಉಳ್ಳವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ರಕ್ಷಣೆ ಇದರಲ್ಲಿದೆ. ಹೊರರೋಗಿ ಚಿಕಿತ್ಸೆ, ಥೆರಪಿ, ಪ್ರಯಾಣ ವೆಚ್ಚಕ್ಕೂ ನಿಗದಿತ ಮಿತಿಯೊಳಗೆ ಹಣ ದೊರೆಯುತ್ತದೆ. ವಯೋಮಿತಿ ಇಲ್ಲ, ಮುಂಚಿತ ವೈದ್ಯಕೀಯ ಪರೀಕ್ಷೆಯೂ ಬೇಕಿಲ್ಲ. ಟ್ರಸ್ಟ್‌ನಲ್ಲಿ ನೋಂದಾಯಿತವಾದ ಸಂಸ್ಥೆಗಳ ಮೂಲಕ ಅರ್ಜಿ ಸಲ್ಲಿಸಬಹುದು.

ತೊಡಕು ಇರುವುದು ಎರಡು ಕಡೆ. ಮೊದಲನೆಯದಾಗಿ, ಕಾಯ್ದೆ ಗುರುತಿಸಿರುವ ಅಂಗವೈಕಲ್ಯಗಳು 21; ನಿರಾಮಯದ ವ್ಯಾಪ್ತಿಗೆ ಬರುವುದು ನಾಲ್ಕು ಬಗೆಯವರು ಮಾತ್ರ. ಎರಡನೆಯದಾಗಿ, ಮೊದಲು ಕೈಯಿಂದ ಖರ್ಚು ಮಾಡಿ, ಬಿಲ್ ಸಲ್ಲಿಸಿದ ಬಳಿಕವಷ್ಟೇ ಹಣ ಮರಳುತ್ತದೆ. ದಿನಗೂಲಿ ನಂಬಿದ ಕುಟುಂಬಕ್ಕೆ ಆ ಮೊದಲ ಹಣ ಹೊಂದಿಸುವುದೇ ಸವಾಲು.

ದಾರಿ ದೂರ

ಅರಸೀಕೆರೆ, ಬೇಲೂರು ತಾಲ್ಲೂಕುಗಳ ಜನರಿಗೆ ಹೆಚ್ಚಿನ ಚಿಕಿತ್ಸೆಗೆ ಇರುವ ಸರ್ಕಾರಿ ಕೇಂದ್ರವೆಂದರೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಅರಸೀಕೆರೆ, ಬೇಲೂರು ಎರಡರಿಂದಲೂ ಅಲ್ಲಿಗೆ ಸುಮಾರು 40 ಕಿ.ಮೀ. ಹಳೇಬೀಡಿನಿಂದ 30 ಕಿ.ಮೀ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಡಿ ತಾಯಿಗೆ ಬಸ್ ಪ್ರಯಾಣ ಉಚಿತ. ಆದರೂ ನಡೆಯಲಾರದ ಮಗುವನ್ನು ಎತ್ತಿಕೊಂಡು ವಾರಕ್ಕೆ ಎರಡು ಬಾರಿ ಹೋಗಿಬಂದರೆ ಎರಡು ದಿನದ ಕೂಲಿ ತಪ್ಪುತ್ತದೆ. ಹೀಗಾದಾಗ ಮನೆಯವರಿಗೆ ಉಳಿಯುವ ದಾರಿ ಎರಡೇ: ಚಿಕಿತ್ಸೆ ಬಿಡುವುದು ಅಥವಾ ಮಗುವನ್ನು ದೂರದ ವಸತಿ ಕೇಂದ್ರಕ್ಕೆ ಸೇರಿಸುವುದು. ಕಾಯ್ದೆ ತಪ್ಪಿಸಬೇಕೆಂದ ಅನಿವಾರ್ಯತೆ ಇದೇ.

ಗ್ರಾಮೀಣ ಪ್ರದೇಶದಲ್ಲಿ ಸಮೀಪದಲ್ಲೇ ಉಚಿತ ಆರೋಗ್ಯ ಸೇವೆ ಒದಗಿಸಬೇಕೆಂದು ಅದೇ ಕಾಯ್ದೆಯ 25ನೇ ಕಲಂ ಹೇಳುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರದ ನಿಗದಿತ ದಿನಗಳಂದು ಥೆರಪಿ, ನಿರಾಮಯದಲ್ಲಿ ನಗದುರಹಿತ ಪಾವತಿ ಸಾಧ್ಯವಾದರೆ ಹಕ್ಕು ಮತ್ತು ವಿಮೆಯ ನಡುವಿನ ಅಂತರ ಬಹುಪಾಲು ತಗ್ಗೀತು.

ಸದ್ಯಕ್ಕೆ ಏನು ಮಾಡಬಹುದು? ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ (ಯುಡಿಐಡಿ) ಮಾಡಿಸುವುದು ಮೊದಲ ಹೆಜ್ಜೆ. ಈ ಕುರಿತ ಮಾಹಿತಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಸಂಪರ್ಕಿಸಬಹುದು.